ಮಾವನ ಬಿದಿರು ಕೋಲು, ನನ್ನ ಕಾರ್ಬನ್ ರಾಡ್

ಇಯರ್‌ಫೋನ್ ಹಾಕ್ಕೊಂಡ್ರಾ? ಹಿಂದೆ ಗಾಳಿ ಸದ್ದು ಕೇಳಿಸ್ತಿದ್ರೆ ಬೇಜಾರು ಮಾಡ್ಕೋಬೇಡಿ. ಈ ಕಂತನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಲ್ಲ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಹತ್ತಿರ ಒಂದು ಕೆರೆ ಏರಿ ಮೇಲೆ, ಜಾಲಿ ಮರದ ನೆರಳಲ್ಲಿ ಕೂತು ಮಾತಾಡ್ತಿದ್ದೀನಿ.

ಚಳ್ಳಕೆರೆಯಲ್ಲಿ ಮೀನಾ ಅಂತ ನಗಬೇಡಿ. ಬರದ ಸೀಮೆ ನಿಜ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ಆದರೆ ಮಳೆಯಾದ ವರ್ಷ ಇಲ್ಲಿನ ಕೆರೆಗಳೂ ತುಂಬುತ್ತವೆ. ತುಂಬಿದ ಕೆರೆಗೆ ಕಾಟ್ಲಾ, ರೋಹು ಮರಿ ಬಿಡ್ತಾರೆ. ಜಿಲೇಬಿ ಮೀನು ಯಾರೂ ಕರೆಯದೇ ಬಂದು ಸೇರ್ಕೊಳ್ಳುತ್ತೆ. ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿದರೆ ಗಾಳ ಹಾಕೋಕೆ ಬಿಡ್ತಾರೆ. ಕೇಳದೆ ಹಾಕಿದರೆ ಜಗಳ, ಅದೂ ನ್ಯಾಯವೇ.

ಬೆಂಗಳೂರಲ್ಲಿರೋ ನಮ್ಮ ಚಿಕ್ಕಪ್ಪನ ಮಗ ನನಗೊಂದು ಫ್ಲೈ ರಾಡ್ ಕೊಟ್ಟಿದ್ದ. ಒಂಬತ್ತು ಅಡಿ, ನಾಲ್ಕು ತುಂಡು, ಕಪ್ಪಗೆ ಮಿರಮಿರ ಮಿಂಚೋದು. ಕೈಲಿ ಹಿಡಿದರೆ ಹಿಡಿದಂಗೇ ಇಲ್ಲ, ಅಷ್ಟು ಹಗುರ. ನಮ್ಮ ಮಾವನ ಹತ್ತಿರ ಇರೋದು ಬಿದಿರು ಕೋಲು. ಅದಕ್ಕೆ ರೀಲಿಲ್ಲ. ತುದಿಗೆ ನೈಲಾನ್ ದಾರ, ನವಿಲುಗರಿ ಕಡ್ಡಿಯ ಬೆಂಡು, ಗಾಳ, ಎರೆಹುಳ. ಅಷ್ಟೇ. ನಾನು ಏರಿ ಮೇಲೆ ನಿಂತು, ವಿಡಿಯೋದಲ್ಲಿ ನೋಡಿದ ಹಾಗೆ ರಾಡನ್ನು ಜೋರಾಗಿ ಹಿಂದಕ್ಕೆ ಬೀಸಿದೆ.

"ಲೇ ಅಳಿಯ! ಕೆಳಗಿಳಿಸಲೇ ಅದನ್ನ!"

ಮಾವ ಹಂಗೆ ಕೂಗಿದ್ದನ್ನ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ತಿರುಗಿ ನೋಡಿದರೆ ಹಿಂದೆ ಕರೆಂಟ್ ಕಂಬ. ತೋಟದ ಮೋಟಾರಿಗೆ ಹೋಗೋ ತಂತಿ ಜೋತು ಬಿದ್ದಿದೆ. ರಾಡ್ ತುದಿಗೂ ತಂತಿಗೂ ನಡುವೆ ಒಂದು ಮೊಳ ಇತ್ತೇನೋ.

"ಕೋಲಿಗೆಲ್ಲಾ ಕರೆಂಟ್ ಹೊಡೆಯುತ್ತಾ ಮಾವ?" ಅಂದೆ. ಕೈ ನಡುಗ್ತಿತ್ತು, ಆದರೂ ಬಾಯಿ ಸುಮ್ಮನಿರಬೇಕಲ್ಲ.

"ನಂದು ಕೋಲು. ನಿಂದು ಏನೈತೋ ಯಾರಿಗೆ ಗೊತ್ತು?" ಅಂದ್ರು.

ಮನೆಗೆ ಬಂದು ಟಾರ್ಚ್ ಹಾಕಿ ನೋಡಿದೆ. ಹಿಡಿಯ ಮೇಲ್ಗಡೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಎಚ್ಚರಿಕೆ, ಪಕ್ಕದಲ್ಲಿ ಮಿಂಚಿನ ಚಿತ್ರ. ಮಾವನ ಪ್ರಶ್ನೆಗೆ ಉತ್ತರ ಹುಡುಕೋಕೆ ಅವತ್ತಿಂದಲೇ ಶುರು ಮಾಡಿದೆ.

ಮೊದಲು ಫ್ಲೈ ಫಿಶಿಂಗ್ ಅಂದ್ರೇನು ನೋಡೋಣ. ಮಾಮೂಲಿ ಗಾಳದಲ್ಲಿ ಸೀಸದ ಗುಂಡೋ ಎರೆಯೋ ಭಾರ ಇರುತ್ತೆ, ಆ ಭಾರವೇ ದಾರವನ್ನು ಎಳ್ಕೊಂಡು ಹೋಗುತ್ತೆ. ಫ್ಲೈ ಅನ್ನೋದು ಗರಿ, ಕೂದಲು, ದಾರ ಸುತ್ತಿ ಮಾಡಿದ ಸುಳ್ಳು ಹುಳ. ಅದಕ್ಕೆ ತೂಕವೇ ಇಲ್ಲ. ಅದಕ್ಕೇ ಇಲ್ಲಿ ದಾರವನ್ನೇ ದಪ್ಪ ಮಾಡಿ ಅದಕ್ಕೆ ತೂಕ ಕೊಟ್ಟಿರ್ತಾರೆ. ರಾಡನ್ನು ಹಿಂದೆ ಬೀಸಿದಾಗ ದಾರದ ತೂಕಕ್ಕೆ ಅದು ಬಿಲ್ಲಿನ ಹಾಗೆ ಬಾಗುತ್ತೆ, ಮುಂದೆ ಬೀಸಿದಾಗ ಸೆಟೆದು ದಾರವನ್ನು ಎಸೆಯುತ್ತೆ. ಅಂದ್ರೆ ರಾಡ್ ಎಷ್ಟು ಬಾಗುತ್ತೆ, ಎಷ್ಟು ಬೇಗ ನೆಟ್ಟಗಾಗುತ್ತೆ ಅನ್ನೋದರ ಮೇಲೇ ಎಲ್ಲಾ ನಿಂತಿದೆ. ಬಿದಿರಿಗೂ ಕಾರ್ಬನ್ನಿಗೂ ಜಗಳ ಇರೋದು ಇಲ್ಲೇ.

ಬಿದಿರಿನ ಶಕ್ತಿ ಇರೋದು ಹೊರಗಿನ ಸಿಪ್ಪೆ ಹತ್ತಿರ. ನಾರು ಅಲ್ಲಿ ಒತ್ತೊತ್ತಾಗಿರುತ್ತೆ, ಒಳಗೆ ಹೋದಂಗೆ ಮೆದು. ಹತ್ತೊಂಬತ್ತನೇ ಶತಮಾನದಲ್ಲಿ ರಾಡ್ ಮಾಡೋರು ಒಂದು ಉಪಾಯ ಕಂಡ್ಕೊಂಡ್ರು. ಬಿದಿರನ್ನು ಸೀಳಿ, ಒಳಗಿನ ಮೆದು ಭಾಗ ಹೆರೆದು ಬಿಸಾಕಿ, ಮುಮ್ಮೂಲೆಯ ಆರು ಪಟ್ಟಿಗಳನ್ನು ಅಂಟಿಸಿ ಆರು ಮೂಲೆಯ ಕೋಲು ಮಾಡಿದ್ರು. ಹೊರಗೆಲ್ಲಾ ಗಟ್ಟಿ ನಾರೇ. ಇದರಲ್ಲಿ ನನಗೆ ಮಜಾ ಅನಿಸಿದ ವಿಷಯ ಏನಂದ್ರೆ, ಆರಂಭದ ಆ ರಾಡುಗಳಿಗೆ ಹೋಗ್ತಿದ್ದ ಬಿದಿರು ಭಾರತದ್ದು. ಕಲ್ಕತ್ತಾ ಕೇನ್ ಅಂತಲೇ ಅದಕ್ಕೆ ಹೆಸರು. ನಮ್ಮ ಕುರುಚಲು ಕಾಡಲ್ಲಿ ಬೆಳೆಯೋ, ಒಳಗೆ ಹೆಚ್ಚು ಟೊಳ್ಳಿಲ್ಲದ ಗಟ್ಟಿ ಬಿದಿರಿನ ಜಾತಿ ಅದು ಅಂತಾರೆ. ಆಮೇಲೆ ಚೀನಾದ ಟೊಂಕಿನ್ ಬಿದಿರು ಅದರ ಜಾಗ ತಗೊಂಡಿತು. 1950ರಲ್ಲಿ ಅಮೆರಿಕ ಚೀನಾದ ಮಾಲಿಗೆ ನಿರ್ಬಂಧ ಹಾಕಿದಾಗ ಟೊಂಕಿನ್ ಬರೋದು ನಿಂತು, ಫೈಬರ್‌ಗ್ಲಾಸ್ ರಾಡ್ ಅಂಗಡಿ ತುಂಬಿತು. ಕಾರ್ಬನ್ ಬಂದಿದ್ದು 1970ರ ದಶಕದಲ್ಲಿ. ಗ್ರಾಫೈಟ್ ರಾಡ್ ಅಂದ್ರೂ ಇದೇ, ಹೆಸರು ಮಾತ್ರ ಬೇರೆ.

ಕಾರ್ಬನ್ ನಾರು ಹುಟ್ಟೋದು ಹೆಚ್ಚಾಗಿ ಅಕ್ರಿಲಿಕ್ ಜಾತಿಯ ಎಳೆಯಿಂದ. ಹೌದು, ಸಂತೆಯಲ್ಲಿ ಸಿಗೋ ಅಗ್ಗದ ಸ್ವೆಟರಿನ ಹತ್ತಿರದ ಸಂಬಂಧಿ. (ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಕೂತು ಇದನ್ನ ಹೇಳೋಕೆ ಸ್ವಲ್ಪ ಸಂಕೋಚ.) ಆ ಎಳೆಯನ್ನು ಆಮ್ಲಜನಕ ಇಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗಿಂತ ಜಾಸ್ತಿ ಕಾಯಿಸಿದರೆ ಬಹುತೇಕ ಇಂಗಾಲವಷ್ಟೇ ಉಳಿಯುತ್ತೆ. ಅದರ ಹಾಳೆಗೆ ರಾಳ ಸೇರಿಸಿ, ಉಕ್ಕಿನ ಸರಳಿಗೆ ಸುತ್ತಿ, ಬೇಯಿಸಿ, ಸರಳು ಎಳೆದುಬಿಟ್ಟರೆ ಟೊಳ್ಳು ಕೊಳವೆ. ಒಂಥರಾ, ಮನುಷ್ಯ ಮಾಡಿದ ಬಿದಿರು.

ಇದೇ ವಸ್ತು ನನ್ನ ತಲೆ ಮೇಲೂ ಹಾರುತ್ತೆ. ಇಲ್ಲಿ ವರವು ಕಾವಲ್‌ನಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, 2017ರಲ್ಲಿ ಉದ್ಘಾಟನೆ ಆಗಿದ್ದು. 2023ರ ಡಿಸೆಂಬರ್‌ನಲ್ಲಿ ಅಲ್ಲಿಂದ ಹಾರಿದ, ಬಾಲವೇ ಇಲ್ಲದ ಪೈಲಟ್‌ರಹಿತ ವಿಮಾನದ ಮೈ ಕಾರ್ಬನ್ ಕಾಂಪೋಸಿಟ್‌ದು. ಒಂದು ಕಾಲಕ್ಕೆ ಅಮೃತಮಹಲ್ ದನ ಮೇಯ್ತಿದ್ದ ಕಾವಲು ಇದು. ಬೇಲಿ ಬಿದ್ದ ಮೇಲೆ ಕುರಿ ಎಲ್ಲಿ ಮೇಯಿಸೋದು ಅನ್ನೋ ಜಗಳ ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ಅದು ದೊಡ್ಡ ಕಥೆ, ಅದಕ್ಕೆ ಬೇರೆ ಕಂತೇ ಬೇಕು.

ಸರಿ, ಯಾವುದು ವಾಸಿ? ದೂರ ಎಸೆಯೋಕೆ, ಗಾಳಿ ಸೀಳೋಕೆ ಕಾರ್ಬನ್ನೇ. ದಿನಪೂರ್ತಿ ಬೀಸಿದರೂ ತೋಳು ನೋಯಲ್ಲ. ಆದರೆ ಕಲ್ಲಿಗೆ ಬಡಿದು ಒಂದು ಕಚ್ಚು ಬಿತ್ತೋ, ಇನ್ನೊಂದು ದಿನ ಮೀನು ಎಳೆದಾಗ ಫಟ್ ಅಂತ ಮುರಿಯುತ್ತೆ. ಬಿದಿರು ಭಾರ, ನಿಧಾನ. ಅದು ಬಾಗಿ ಬಾಗಿ ಮೀನಿನ ಎಳೆತವನ್ನು ತಾನೇ ತಗೊಳ್ಳುತ್ತೆ, ಹಾಗಾಗಿ ಸಣ್ಣ ದಾರ ಹರಿಯಲ್ಲ. ಮಾವನ ಕೋಲು ಪೇಟೆಯ ಮೇದಾರರ ಹತ್ತಿರ ತಂದಿದ್ದು. ಬೆಂಕಿಗೆ ಕಾಯಿಸಿ ನೆಟ್ಟಗೆ ಮಾಡಿದ್ದಾರೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳ ಬೀಳಲ್ಲ ಅಂತಾರೆ. ಚಂದ್ರನ ವಿಷಯ ಬಿಡಿ, ಹುಳ ಬರೋದು ಬಿದಿರಿನೊಳಗಿನ ಪಿಷ್ಟ ತಿನ್ನೋಕೆ ಅನ್ನೋದಂತೂ ನಿಜ.

ಇನ್ನು ಕರೆಂಟ್. ಕಾರ್ಬನ್ ವಿದ್ಯುತ್ ವಾಹಕ. ರಾಡ್ ತಂತಿಗೆ ತಾಗಲೇಬೇಕು ಅಂತೇನಿಲ್ಲ, ಹೈ ಟೆನ್ಷನ್ ಲೈನ್ ಹತ್ತಿರಕ್ಕೆ ಹೋದರೂ ಕಿಡಿ ಹಾರಬಹುದು. ಗುಡುಗಿನ ಹೊತ್ತಲ್ಲಿ ಬಯಲಲ್ಲಿ ಅದನ್ನ ಎತ್ತಿ ಹಿಡಿಯೋದು ಮಿಂಚಿಗೆ ಕೈ ಬೀಸಿ ಕರೆದ ಹಾಗೆ. ಒಣ ಬಿದಿರು ಅಷ್ಟು ಸುಲಭವಾಗಿ ವಿದ್ಯುತ್ ಹರಿಸಲ್ಲ, ಆದರೆ ಒದ್ದೆಯಾದ ಕೋಲನ್ನ ನಂಬಬೇಡಿ. ಫ್ಲೈ ಬೀಸುವಾಗ ರಾಡೂ ದಾರವೂ ನಿಮ್ಮ ಬೆನ್ನ ಹಿಂದೆ ಹೋಗುತ್ತೆ, ನಿಮ್ಮ ಕಣ್ಣು ನೀರಿನ ಮೇಲಿರುತ್ತೆ. ಮೊದಲು ತಲೆ ಎತ್ತಿ ನೋಡಿ, ಹಿಂದೆ ನೋಡಿ, ಆಮೇಲೆ ರಾಡ್ ಜೋಡಿಸಿ. ನಮ್ಮ ಕಡೆ ಏರಿ ಪಕ್ಕದಲ್ಲೇ ಪಂಪ್‌ಸೆಟ್ ಲೈನ್ ಇರೋದು ಮಾಮೂಲು.

ಇವತ್ತು ನಾವು ಕೂತಿರೋದು ಕಂಬಗಳಿಂದ ದೂರ, ಕೋಡಿ ಕಡೆ. ಬೆಳಗ್ಗೆಯಿಂದ ನನಗೆ ಎರಡು ಜಿಲೇಬಿ ಮೀನು, ಮಾವನಿಗೆ ಏಳು. ಈಗಷ್ಟೇ ನನ್ನ ರಾಡ್ ಇಸ್ಕೊಂಡು ಬೀಸಿ ನೋಡ್ತಿದ್ದಾರೆ. "ಹಗುರ ಐತೆ ಕಣೋ, ಆದ್ರೆ ಮೀನು ಕಚ್ಚಿದ್ದು ಕೈಗೆ ಬೇಗ ತಿಳೀತದೆ," ಅಂದ್ರು. ಆ "ಆದ್ರೆ" ಯಾಕೋ ಗೊತ್ತಾಗಲಿಲ್ಲ.

ನಿಮ್ಮೂರ ಕಡೆ ಗಾಳದ ಕೋಲಿಗೆ ಯಾವ ಬಿದಿರು ತರ್ತಾರೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.