ಲಿನಕ್ಸ್ ಮನೆಗೆ ಬಂದಾಗ: ಹೊಸಬರಿಗೆ ಕೆಲವು ಸಲಹೆಗಳು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಅಪರಿಚಿತವೇನಲ್ಲ. 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯೂ 2017ರಲ್ಲಿ ಅದರ ಮುಂದುವರಿಕೆಯಾಗಿ ರೂಪುಗೊಂಡ ‘ಕೈಟ್’ ಸಂಸ್ಥೆಯೂ ಕೇರಳದ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಕೆಗೆ ತಂದಿವೆ. ಆದರೆ ಮಗು ಶಾಲೆಯಲ್ಲಿ ಕಲಿತುದನ್ನು ಮನೆಯಲ್ಲಿ ಅಭ್ಯಸಿಸಲು ಕುಳಿತರೆ ಅಲ್ಲಿರುವುದು ಹೆಚ್ಚಾಗಿ ಬೇರೊಂದು ವ್ಯವಸ್ಥೆ. ಇತ್ತ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಜಾಣತನ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ‘ಗ್ನೂ’ ಯೋಜನೆಯ ಸಾಧನಗಳೂ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ‘ಲಿನಕ್ಸ್’ ಎಂಬ ತಿರುಳೂ ಕೂಡಿ ಆದ ವ್ಯವಸ್ಥೆಯಿದು. ಇದನ್ನು ಬಳಸಲು, ನೆರೆಯವರಿಗೆ ಹಂಚಲು ಹಣ ಕೊಡಬೇಕಾಗಿಲ್ಲ. ಉಬುಂಟು, ಲಿನಕ್ಸ್ ಮಿಂಟ್ ಮುಂತಾದುವು ಇದರ ಸಿದ್ಧರೂಪಗಳು. ಯಂತ್ರದಲ್ಲಿರುವುದನ್ನು ಅಳಿಸದೆ, ಪೆನ್‌ಡ್ರೈವಿನಿಂದಲೇ ಇವನ್ನು ನಡೆಸಿ ನೋಡಬಹುದು. ಪ್ರಿಂಟರು, ಧ್ವನಿ, ವೈಫೈ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂಬುದನ್ನು ಆಗಲೇ ಖಚಿತಪಡಿಸಿಕೊಳ್ಳಬೇಕು.

ಹೊಸಬರು ಮೊದಲು ಸಿದ್ಧಪಡಿಸಿಕೊಳ್ಳಬೇಕಾದುದು ಕನ್ನಡದ ಕೀಲಿಮಣೆ. ವ್ಯವಸ್ಥೆಯ ‘ಕೀಬೋರ್ಡ್’ ವಿಭಾಗದಲ್ಲಿ ಕನ್ನಡದ ‘ಕಗಪ’ ವಿನ್ಯಾಸವನ್ನು ಆರಿಸಿಕೊಂಡರಾಯಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೇ ಇದಕ್ಕೆ ಆಧಾರ. ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀಲಿ ಒತ್ತಬೇಕು. ‘ಕೆ, ಎಫ್, ಆರ್, ಎಂ’ ಒತ್ತಿದರೆ ‘ಕ್ರಮ’ ಮೂಡುತ್ತದೆ. ‘ನುಡಿ’ಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ.

ಎರಡನೆಯದು ಲಿಬ್ರೆ ಆಫೀಸ್. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಈ ತಂತ್ರಾಂಶದ ‘ರೈಟರ್’ ಪತ್ರ ಬರೆಯಲು, ‘ಕ್ಯಾಲ್ಕ್’ ಮನೆಯ ಅಥವಾ ತೋಟದ ಲೆಕ್ಕ ಇಡಲು ಸಾಕು.

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ಸಂಘದ ಹಳೆಯ ವರದಿ, ಅಜ್ಜ ಬರೆಸಿಟ್ಟ ಕುಟುಂಬದ ಚರಿತ್ರೆ, ಯಕ್ಷಗಾನ ಪ್ರಸಂಗದ ಪ್ರತಿ ಮೊದಲಾದುವು ಹಿಂದಿನ ‘ನುಡಿ’ ಅಥವಾ ‘ಬರಹ’ದ ಅಕ್ಷರಶೈಲಿಗಳಲ್ಲಿ ಇದ್ದಾವು. ಆ ಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದಂಥವು. ಅವು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಷ್ಟೇ ಕಾಣುತ್ತವೆ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಿಬಿಟ್ಟರೆ ಒಂದು ಮನೆತನದ ನೆನಪೇ ಅಳಿದಂತೆ. ಆದುದರಿಂದ ಹಳೆಯ ವ್ಯವಸ್ಥೆ ಇನ್ನೂ ನಡೆಯುತ್ತಿರುವಾಗಲೇ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದೊಡನೆ ಹೋಲಿಸಿ ತಿದ್ದಬೇಕು. ಮೂಲವನ್ನೂ ಜೋಪಾನವಾಗಿಡುವುದು ಲೇಸು.

ಉಳಿದುವುಗಳ ಪಟ್ಟಿ ಚಿಕ್ಕದು. ಜಾಲತಾಣಗಳನ್ನು ನೋಡಲು ಫೈರ್‌ಫಾಕ್ಸ್. ಹಾಡು, ಚಲನಚಿತ್ರಗಳಿಗೆ ವಿಎಲ್‌ಸಿ. ಚಿಕ್ಕ ಮಕ್ಕಳಿಗೆ ಆಟದೊಡನೆ ಪಾಠ ಹೇಳುವ ಜಿಕಾಂಪ್ರಿಸ್, ಚಿತ್ರ ಬಿಡಿಸಲು ಟಕ್ಸ್ ಪೇಂಟ್. ಪ್ರೌಢಶಾಲೆಯವರಿಗೆ ಗಣಿತದ ಜಿಯೋಜಿಬ್ರಾ. ಹಿರಿಯರ ಶೋಭಾನೆ ಹಾಡುಗಳನ್ನೂ ಆಡುಮಾತನ್ನೂ ಧ್ವನಿಮುದ್ರಿಸಿ ಕಾಪಾಡಲು ಆಡಾಸಿಟಿ ತುಂಬ ಉಪಕಾರಿ. ಛಾಯಾಚಿತ್ರಗಳನ್ನು ತಿದ್ದುವ ಗಿಂಪ್ ಸಮರ್ಥವಾದುದಾದರೂ ಕಲಿಯಲು ತಾಳ್ಮೆ ಬೇಕು. ಅದು ಎರಡನೆಯ ತಿಂಗಳಿಗಿರಲಿ.

ಇವೆಲ್ಲವನ್ನೂ ಆಯಾ ಸಿದ್ಧರೂಪದ ಸ್ವಂತ ಭಂಡಾರದಿಂದಲೇ ಪಡೆಯಬೇಕು. ಗುರುತಿಲ್ಲದ ತಾಣಗಳಿಂದ ಇಳಿಸಿಕೊಳ್ಳುವುದು ಅಪಾಯಕರ. ಭದ್ರತೆಯ ಪರಿಷ್ಕರಣಗಳನ್ನು ಆಗಿಂದಾಗ್ಗೆ ಹಾಕಿಕೊಳ್ಳುತ್ತಿರಬೇಕು. ವಿಂಡೋಸಿಗೆಂದೇ ತಯಾರಾದ ಕೆಲವು ತಂತ್ರಾಂಶಗಳು ಇಲ್ಲಿ ನಡೆಯಲಾರವು. ಅಂಥವನ್ನೇ ಜೀವನೋಪಾಯಕ್ಕೆ ನೆಚ್ಚಿದವರು ಹಳೆಯ ವ್ಯವಸ್ಥೆಯನ್ನು ಒಮ್ಮೆಲೇ ತ್ಯಜಿಸುವುದು ಸಲ್ಲದು.

ಮೊದಲ ದಿನವೇ ಇಪ್ಪತ್ತು ತಂತ್ರಾಂಶಗಳನ್ನು ತುಂಬಿ ಕಂಗೆಡಬೇಕಾಗಿಲ್ಲ. ದೂರದೂರಿನ ಬಂಧುವೊಬ್ಬರಿಗೆ ಕನ್ನಡದಲ್ಲಿ ಒಂದು ಪತ್ರ ಬರೆಯಿರಿ. ಪಕ್ಕದಲ್ಲಿ ಮಗುವನ್ನೂ ಕೂರಿಸಿಕೊಳ್ಳಿ. ಶಾಲೆಯಲ್ಲಿ ಇದನ್ನು ಕಲಿತ ಮಗು ನಿಮಗೇ ನಾಲ್ಕು ಮಾತು ಹೇಳಿಕೊಟ್ಟೀತು.