ವೆಂಟಿಲೇಟರ್ ಕಳಚಿದ ಮೇಲೂ ಉಳಿಯುವ ಭಯ

2020ರ ಜುಲೈಯಲ್ಲಿ ಮುಂಬಯಿಯ ದಹಿಸರ್ ಚೆಕ್ ನಾಕಾ ಬಳಿ ಜಂಬೊ ಕೋವಿಡ್ ಕೇಂದ್ರ ತೆರೆದಾಗ, ವೆಂಟಿಲೇಟರ್ ಎಂದರೇನೆಂದು ಗೊತ್ತಿಲ್ಲದ ಮನೆಗಳಲ್ಲೂ ಆ ಹೆಸರು ನಡುಕ ಹುಟ್ಟಿಸಿತ್ತು. ಕೇಂದ್ರ ಮುಚ್ಚಿತು. ಆಗ ಬೇರೂರಿದ ಕೆಲವು ನಂಬಿಕೆಗಳು ಮಾತ್ರ ಇಲ್ಲಿನ ಕನ್ನಡ, ತುಳು ಮನೆಗಳಲ್ಲಿ ಇನ್ನೂ ಉಳಿದಿವೆ.

‘ವೆಂಟಿಲೇಟರಿಗೆ ಹಾಕಿದರೆಂದರೆ ಮುಗಿಯಿತು.’

ಹಾಗೇನಿಲ್ಲ. ಕಾಯಿಲೆಗೆ ಚಿಕಿತ್ಸೆ ನಡೆಯುವಷ್ಟು ಕಾಲ ಉಸಿರಾಟದ ದುಡಿಮೆಯನ್ನು ಯಂತ್ರ ವಹಿಸಿಕೊಳ್ಳುತ್ತದೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ ವೈದ್ಯಕೀಯ ವಿದ್ಯಾರ್ಥಿಗಳು ಹಗಲಿರುಳು ಕೈಯಿಂದಲೇ ಚೀಲ ಒತ್ತಿ ಅನೇಕರನ್ನು ಉಳಿಸಿದ್ದರು. ಆದರೆ ಯಂತ್ರದ ಆಸರೆಯಲ್ಲಿ ಕೆಲವೇ ದಿನಗಳಲ್ಲಿ ವಪೆ, ಅಂದರೆ ಉಸಿರಾಟದ ಮುಖ್ಯ ಸ್ನಾಯು, ಸೊರಗುತ್ತದೆ. ಅದಕ್ಕೇ ಅರ್ಧ ಗಂಟೆಯಿಂದ ಎರಡು ಗಂಟೆ ತಾನಾಗಿ ಉಸಿರಾಡಲು ಬಿಟ್ಟು ನೋಡುತ್ತಾರೆ. ಇವತ್ತು ಆಗದಿದ್ದರೆ ಕಾರಣ ಹುಡುಕಿ ಮತ್ತೆ ಪ್ರಯತ್ನಿಸುತ್ತಾರೆ. ‘ಫೇಲ್ ಆಯ್ತಂತೆ’ ಎಂದು ಹಾಸಿಗೆಯ ಪಕ್ಕದಲ್ಲೇ ಪಿಸುಗುಟ್ಟಬೇಡಿ, ರೋಗಿಗೆ ಕೇಳಿಸುತ್ತದೆ.

‘ಗಂಡಾಂತರ ಕಳೀತಲ್ಲ, ಇನ್ನೇಕೆ ಅಳು? ಮನಸ್ಸು ಗಟ್ಟಿ ಮಾಡ್ಕೋ.’

ನನ್ನ ಮಟ್ಟಿಗೆ ಅತಿ ಹೆಚ್ಚು ನೋಯಿಸುವ ಮಾತು ಇದೇ. ಬಹುಕಾಲ ವೆಂಟಿಲೇಟರಿನಲ್ಲಿದ್ದವರನ್ನು ಅಮೆರಿಕದ ವೈದ್ಯೆ ಅಮಲ್ ಜುಬ್ರಾನ್ ತಂಡ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 42ರಷ್ಟು ಮಂದಿಗೆ ಖಿನ್ನತೆಯಿತ್ತು; ಅಂಥವರಲ್ಲಿ ಯಂತ್ರ ಬಿಡಿಸುವುದೂ ಹೆಚ್ಚು ಕಷ್ಟವಾಗಿತ್ತು. ಐಸಿಯುವಿನಲ್ಲಿ ಹಗಲು ರಾತ್ರಿಯ ಪರಿವೆ ತಪ್ಪುತ್ತದೆ. ಮದ್ದು, ಸೋಂಕು, ನಿದ್ದೆಗೇಡು ಸೇರಿ ಇಲ್ಲದ್ದೆಲ್ಲ ಕಾಣಿಸಬಹುದು. ಅದು ಹುಚ್ಚಲ್ಲ. ಮನೆಗೆ ಬಂದ ಮೇಲೂ ದುಃಸ್ವಪ್ನ, ಮರೆವು, ಒಂಟಿಯಾಗಿ ಮಲಗಲು ಹೆದರಿಕೆ ತಿಂಗಳುಗಟ್ಟಲೆ ಕಾಡಬಹುದು.

ಇನ್ನೊಂದು ಸಂಕಟ ಮಾತಿನದು. ಬಾಯಿಯಿಂದ ಇಳಿಸಿದ ಕೊಳವೆ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ರೋಗಿಗೆ ಸ್ವರ ಹೊರಡದು. ಊರಿನಿಂದ ಮಗನ ಮನೆಗೆ ಬಂದಿರುವ, ಮರಾಠಿ, ಹಿಂದಿ ಬಾರದ ಅಮ್ಮನಿಗೆ ಸಿಸ್ಟರ್ ಕೇಳಿದ್ದೂ ಅರ್ಥವಾಗದು. ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ನೋವು’, ‘ಬಾಯಾರಿಕೆ’, ‘ಕಫ’, ‘ಉಸಿರು ಸಾಲದು’, ‘ಭಯ’ ಎಂದು ಬರೆದು, ಕೆಳಗೆ ಮರಾಠಿಯಲ್ಲೂ ಬರೆದುಕೊಡಿ. ಅವರು ಬೆರಳಿಟ್ಟು ತೋರಿಸಿದರೆ ಸಾಕು. ಓದಲು ಬಾರದಿದ್ದರೆ ಚಿತ್ರ ಬಿಡಿಸಿ. ಕನ್ನಡಕ, ಶ್ರವಣಯಂತ್ರ ಇದ್ದರೆ ಸಿಸ್ಟರನ್ನು ಕೇಳಿ ತಲುಪಿಸಿ.

‘ಏದುಸಿರು ಬಂದರೆ ಅಲ್ಲಾಡಬಾರದು.’

ಸುಮ್ಮನೆ ಕೂತಷ್ಟೂ ಕಾಲಿನ ಸ್ನಾಯು ಬಡವಾಗಿ, ನಾಲ್ಕು ಹೆಜ್ಜೆಗೇ ದಮ್ಮು ಹತ್ತುತ್ತದೆ. ಹೆದರಿದಾಗ ಉಸಿರು ಚಿಕ್ಕದಾಗಿ, ಬೇಗಬೇಗ ಬರುತ್ತದೆ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದವರ ಎದೆಯಲ್ಲಿ ಹಳೆಯ ಗಾಳಿ ಹೊರಹೋಗದೆ ಉಳಿದು, ಹೊಸದಕ್ಕೆ ಜಾಗವಿಲ್ಲದೆ ಭಯ ಇಮ್ಮಡಿಯಾಗುತ್ತದೆ. ಆಗ ಮೂಗಿನಿಂದ ಎಳೆದು, ಬಿಸಿ ಚಹಾ ಊದುವಂತೆ ತುಟಿ ಕಿರಿದು ಮಾಡಿ ನಿಧಾನ ಬಿಡಬೇಕು. ಲಿಫ್ಟಿಲ್ಲದ ಕಟ್ಟಡದಲ್ಲಿ ಮೆಟ್ಟಿಲು ಏರುವಾಗ ಉಸಿರು ಬಿಡುತ್ತಾ ಹತ್ತಿ, ನಿಂತು ಎಳೆದುಕೊಳ್ಳಿ. ಎಷ್ಟು ನಡೆಯಬೇಕೆಂದು ಫಿಸಿಯೊಥೆರಪಿಸ್ಟ್ ಹೇಳಲಿ. ಕೂತಲ್ಲೇ ಏದುಸಿರು, ಎದೆನೋವು, ನೀಲಿ ತುಟಿ ಕಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೊರಡಿ.

ಮುಂದಿನ ಸಲ ಡಾಕ್ಟರರನ್ನು ಕಾಣುವಾಗ ಎಕ್ಸ್‌ರೇ ಜೊತೆಗೆ ನಿದ್ದೆಯ ವಿಷಯ, ಭಯದ ವಿಷಯವನ್ನೂ ಹೇಳಿ. ಹೇಳಿಕೊಳ್ಳಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ.