ನಿದ್ದೆಯೊಳಗಿನ ಪಾಠ

ಮಾರ್ಚ್ ತಿಂಗಳ ಪರೀಕ್ಷೆ ಸಮೀಪಿಸಿತೆಂದರೆ ರಾತ್ರಿಯಿಡೀ ದೀಪ ಉರಿಸಿ ಓದುವ ಮಕ್ಕಳನ್ನು ಮೆಚ್ಚಿ ಮಾತಾಡುವುದು ನಮ್ಮ ಕಡೆಯ ವಾಡಿಕೆ. ಈ ಮೆಚ್ಚುಗೆ ಎಷ್ಟು ಸರಿ? ಮೆದುಳಿನ ಲಯಗಳ ಬಗ್ಗೆ ವಿಜ್ಞಾನಿಗಳು ಕಂಡುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇವೆ.

ಮೆದುಳಿನಲ್ಲಿ ವಿದ್ಯುತ್ತಿನ ಸಣ್ಣ ಅಲೆಗಳು ಸದಾ ಏಳುತ್ತಿರುತ್ತವೆ. ಮನುಷ್ಯನಲ್ಲಿ ಇವನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. 1929ರಲ್ಲಿ ಪ್ರಕಟಿಸಿದಾಗ ನಂಬಿದವರು ಕಡಿಮೆ.

ಜ್ಞಾಪಕಶಕ್ತಿಗೆ ಮುಖ್ಯವಾದುದು ಮೆದುಳಿನ ಒಳಭಾಗದ ಹಿಪೊಕ್ಯಾಂಪಸ್. ಇಲಿ ನಡೆದಾಡುವಾಗ ಅಲ್ಲಿ ಸೆಕೆಂಡಿಗೆ ಸುಮಾರು ಎಂಟು ಬಾರಿ 'ಥೀಟಾ' ಎಂಬ ಲಯ ಮಿಡಿಯುತ್ತದೆ. ಅಲ್ಲಿನ ಕೆಲವು ಜೀವಕೋಶಗಳು ಒಂದೊಂದು ಜಾಗಕ್ಕೆ ಮೀಸಲು. ಇಲಿ ಆ ಜಾಗಕ್ಕೆ ಬಂದಾಗ ಚುರುಕಾಗುತ್ತವೆ. ಇದನ್ನು 1971ರಲ್ಲಿ ತಿಳಿಸಿದ ಲಂಡನ್ನಿನ ಜಾನ್ ಓಕೀಫ್ ಅವರಿಗೆ 2014ರಲ್ಲಿ ನೊಬೆಲ್ ಬಹುಮಾನದ ಪಾಲು ಸಂದಿತು.

ಕವಲುದಾರಿಗೆ ಬಂದ ಇಲಿ ತಡೆದು ನಿಂತು ಅತ್ತಿತ್ತ ತಲೆ ತಿರುಗಿಸುತ್ತದೆ. ಅಮೆರಿಕದ ಜಾನ್ಸನ್ ಮತ್ತು ರೆಡಿಶ್ 2007ರಲ್ಲಿ ವರದಿ ಮಾಡಿದಂತೆ, ಕಾಲು ನಿಂತಿದ್ದರೂ ಮುಂದಿನ ಹಾದಿಯ ಕೋಶಗಳು ಆಗ ಮಿಡಿಯುತ್ತವೆ. ಮೊದಲು ಒಂದು ಕವಲಿನವು, ಬಳಿಕ ಇನ್ನೊಂದರವು. ಕವಲಿನತ್ತ ಓಡುವಾಗ ಎಡ ಬಲಗಳ ಸರದಿ ಥೀಟಾದ ಒಂದೊಂದು ಸುತ್ತಿಗೂ ಬದಲಾಗಬಲ್ಲುದೆಂದು 2020ರ ಸಂಶೋಧನೆಯೊಂದು ತೋರಿಸಿತು. ಭಾಗವತರ ಜಾಗಟೆಯ ಪೆಟ್ಟಿಗೆ ವೇಷಧಾರಿ ಹೆಜ್ಜೆ ಬದಲಿಸಿದಂತೆ ಎನ್ನೋಣ. ನಡೆಯದೆಯೇ ಎರಡು ದಾರಿಗಳನ್ನೂ ತೂಗುವ ಬಗೆ ಇದು. ತೂಗಲು ಹಳೆಯ ನೆನಪು ಬೇಕಲ್ಲ!

ಆ ನೆನಪು ಗಟ್ಟಿಯಾಗಲು ನಿದ್ದೆ ಬೇಕು. ಹಗಲು ಓಡಿದ ದಾರಿಯ ಕೋಶಗಳು ಗಾಢನಿದ್ದೆಯಲ್ಲಿ ಅದೇ ಕ್ರಮದಲ್ಲಿ, ಹಲವು ಪಟ್ಟು ವೇಗದಲ್ಲಿ ಮರಳಿ ಮಿಡಿಯುತ್ತವೆ. ಆಗ ಸೆಕೆಂಡಿಗೆ 150–200ರ ಗತಿಯ ಕಿರುಅಲೆಗಳು ಕ್ಷಣಮಾತ್ರ ಎದ್ದು ಅಡಗುತ್ತವೆ. 2009ರಲ್ಲಿ ಪ್ಯಾರಿಸಿನ ಸಂಶೋಧಕರು, ದಾರಿ ಕಲಿತು ಮಲಗಿದ ಇಲಿಗಳಲ್ಲಿ ಈ ಕಿರುಅಲೆ ಎದ್ದೊಡನೆ ಸಣ್ಣ ವಿದ್ಯುತ್ ಮಿಡಿತ ಹಾಯಿಸಿ ಅದನ್ನು ಕೆಡಿಸಿದರು. ಅಂಥದೇ ಮಿಡಿತವನ್ನು ಬೇರೆ ಕ್ಷಣಗಳಲ್ಲಿ ಪಡೆದ ಇಲಿಗಳಿಗಿಂತ ಇವು ಕಲಿಕೆಯಲ್ಲಿ ಹಿಂದುಳಿದವು.

ಇಲಿಯ ಮಾತು ನಮ್ಮ ಮಕ್ಕಳಿಗೇಕೆ ಎನ್ನುವವರಿಗೆ ಜರ್ಮನಿಯ ಲ್ಯೂಬೆಕ್ಕಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವಿದೆ. ಜೋಡಿ ಚಿತ್ರಗಳ ಸ್ಥಾನ ನೆನಪಿಡುವಾಗ ಜನರಿಗೆ ಗುಲಾಬಿಯ ಪರಿಮಳ ಕೊಟ್ಟು, ಗಾಢನಿದ್ದೆಯಲ್ಲಿ ಅದನ್ನೇ ಮತ್ತೆ ಹಾಯಿಸಿದರು. ಎದ್ದ ಮೇಲೆ ನೆನಪು ಹೆಚ್ಚಿತ್ತು. ಎಚ್ಚರದಲ್ಲಿ ಹಾಯಿಸಿದ್ದರಿಂದ ಆ ಪ್ರಯೋಜನ ಕಾಣಲಿಲ್ಲ. ಹೆತ್ತವರು ಅತ್ತರಿನ ಸೀಸೆ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಪರೀಕ್ಷೆಯ ಮುನ್ನಾ ರಾತ್ರಿ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮಲಗಗೊಡಲಿ. ಓದದೆ ಉಳಿದ ಅಧ್ಯಾಯಗಳ ಗತಿಯೇನೆಂದು ಮಕ್ಕಳು ಕೇಳಿಯಾರು. ಅವಕ್ಕೆ ಜನವರಿ, ಫೆಬ್ರವರಿಗಳಿವೆ.